ಉಪ್ಪು ಹಾಕಿದ ಮಾತ್ರಕ್ಕೆ ಪಾತ್ರೆ ಒಣಗುವುದಿಲ್ಲ

"ಸರ್, ಪಾತ್ರೆ ಚೆನ್ನಾಗೇ ತೊಳೆಯುತ್ತೆ, ಆದ್ರೆ ಎಲ್ಲಾ ಒದ್ದೆ. ಹೀಟರ್ ಹೋಗಿರ್ಬೇಕು, ಹೊಸದು ತಗೊಂಡೇ ಬಂದ್ಬಿಡಿ." ಬೆಂಗಳೂರಿನಲ್ಲಿ ಡಿಶ್‌ವಾಷರ್ ರಿಪೇರಿ ಮಾಡುವ ಯಾರನ್ನು ಕೇಳಿದರೂ ಈ ಫೋನಿನ ಕತೆ ಹೇಳುತ್ತಾರೆ. ಕಾಯಿಲೆ, ಔಷಧಿ ಎರಡೂ ಗಿರಾಕಿಯದೇ.

ಹೀಟರ್ ನೋಡಲು ನಾನು ಬರಬೇಕಿಲ್ಲ. ಒಮ್ಮೆ ಇಂಟೆನ್ಸಿವ್ (ಹೆಚ್ಚು ಬಿಸಿನೀರಿನ) ಪ್ರೋಗ್ರಾಂ ಹಾಕಿ, ಮುಗಿದ ಕೂಡಲೇ ಬಾಗಿಲು ತೆಗೆದು (ಹಬೆ ಬರುತ್ತದೆ, ಮುಖ ದೂರವಿರಲಿ) ಪಿಂಗಾಣಿ ತಟ್ಟೆ ಮುಟ್ಟಿ. ಬಿಸಿಯಿದ್ದರೆ ಬಹುಮಟ್ಟಿಗೆ ಹೀಟರ್ ಸರಿಯಿದೆ. ತಟ್ಟೆ ತಣ್ಣಗಿದ್ದು, ಜಿಡ್ಡೂ ಬಿಡದೆ, ಡಿಟರ್ಜೆಂಟ್ ಟ್ಯಾಬ್ಲೆಟ್ ಅರ್ಧ ಕರಗದೆ ಉಳಿದಿದ್ದರೆ ಧಾರಾಳವಾಗಿ ಕರೆಯಿರಿ.

ಜಯನಗರದ ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಕೈಯಲ್ಲಿ ಪಾವಡೆ ಹಿಡಿದೇ ಕೇಳಿದರು: "ಬಟ್ಟೆ ಮೆಷೀನು ಹಿಂಡಿಯಾದ್ರೂ ಕೊಡುತ್ತಪ್ಪ. ಇದಕ್ಕಷ್ಟು ದುಡ್ಡು ಸುರಿದು ಒರೆಸೋ ಕೆಲಸ ನಂಗೇ ಉಳೀತಲ್ಲ?" ನ್ಯಾಯವಾದ ಪ್ರಶ್ನೆಯೇ. ನಮ್ಮಲ್ಲಿನ ಬಹುತೇಕ ಯಂತ್ರಗಳಲ್ಲಿ ಬಿಸಿಗಾಳಿ ಬೀಸುವ ಫ್ಯಾನ್ ಇರುವುದಿಲ್ಲ. ಕೊನೆಯ ಸಲ ಜಾಲಿಸುವ ನೀರನ್ನು ಸುಮಾರು 60–70 ಡಿಗ್ರಿಗೆ ಕಾಯಿಸುತ್ತದೆ, ಪಾತ್ರೆ ಬಿಸಿಯಾಗುತ್ತದೆ, ಆ ಬಿಸಿಗೇ ಮೇಲಿನ ನೀರು ಆವಿಯಾಗಿ, ತುಸು ತಣ್ಣಗಿರುವ ಸ್ಟೀಲ್ ಗೋಡೆಗೆ ತಾಗಿ ಕೆಳಗಿಳಿಯುತ್ತದೆ. ಅಷ್ಟೇ ಡ್ರೈಯಿಂಗ್. ಅರ್ಧ ಗಂಟೆಯ ಕ್ವಿಕ್ ವಾಷ್‌ನಲ್ಲಿ ಇದಕ್ಕೆಲ್ಲ ಪುರುಸೊತ್ತೆಲ್ಲಿ? ಪ್ಲಾಸ್ಟಿಕ್ ಡಬ್ಬಿಯಂತೂ ಬಿಸಿ ಹಿಡಿದಿಟ್ಟುಕೊಳ್ಳುವುದಿಲ್ಲ, ಕೆಸುವಿನ ಎಲೆಯ ಮೇಲಿನಂತೆ ನೀರು ಅದರ ಮೇಲೆ ಹನಿಹನಿಯಾಗಿ ಕೂತಿರುತ್ತದೆ. ಟಿಫಿನ್ ಡಬ್ಬಿ ಒಣಗಿಲ್ಲವೆಂಬ ದೂರಿಗೆ ನನ್ನಲ್ಲಿ ಔಷಧಿಯಿಲ್ಲ.

ಈಗ ತಲೆ ಚಚ್ಚಿಕೊಳ್ಳುವ ವಿಷಯ. "ರಿನ್ಸ್ ಏಡ್ ಹಾಕ್ತಿದ್ದೀರಾ?" (ಕೊನೆಯ ಜಾಲಿಕೆಗೆ ಸೇರುವ ದ್ರವ ಅದು) ಎಂದರೆ ಬರುವ ಉತ್ತರ, "ಉಪ್ಪು ಹಾಕ್ತೀವಲ್ಲ ಸರ್!"

ಉಪ್ಪು ಬೇರೆ, ರಿನ್ಸ್ ಏಡ್ ಬೇರೆ. ಉಪ್ಪು ಹೋಗುವುದು ಟಬ್ಬಿನ ತಳದ ತೂತಿಗೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿಯುವ ರಾಳದ ಕಾಳುಗಳು ಅಲ್ಲಿವೆ. ಉಪ್ಪುನೀರು ಆ ಕಾಳುಗಳನ್ನು ಮತ್ತೆ ಕೆಲಸಕ್ಕೆ ಅಣಿಮಾಡುತ್ತದೆ. ಬೋರ್‌ವೆಲ್ ನೀರಿನ ಮನೆಗೆ ಅದು ಬೇಕೇ ಬೇಕು, ಇಲ್ಲದಿದ್ದರೆ ಲೋಟಕ್ಕೆಲ್ಲ ಬಿಳಿ ಕಲೆ. ಆದರೆ ಒಣಗಿಸುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ರಿನ್ಸ್ ಏಡ್ ಹೋಗುವುದು ಬಾಗಿಲಲ್ಲಿ, ಡಿಟರ್ಜೆಂಟ್ ಗೂಡಿನ ಪಕ್ಕದ ಸಣ್ಣ ಮುಚ್ಚಳದೊಳಗೆ. ಕೊನೆಯ ಜಾಲಿಕೆಯಲ್ಲಿ ಅದು ಸ್ವಲ್ಪವೇ ಸ್ವಲ್ಪ ಬಿಡುಗಡೆಯಾಗಿ ನೀರಿನ ಮೇಲ್ಮೈ ಎಳೆತ ತಗ್ಗಿಸುತ್ತದೆ. ಆಗ ನೀರು ಹನಿಯಾಗಿ ನಿಲ್ಲದೆ ತೆಳ್ಳಗೆ ಹರಡಿ ಜಾರಿಹೋಗುತ್ತದೆ, ಉಳಿದ ಪಸೆ ಪಾತ್ರೆಯ ಬಿಸಿಗೆ ಆರುತ್ತದೆ. ಇನ್ನೊಮ್ಮೆ ಹೇಳುತ್ತೇನೆ, ಬೇಸರವಾದರೂ ಸರಿ: ಬಿಳಿ ಕಲೆಗೆ ಉಪ್ಪು, ಒದ್ದೆಗೆ ರಿನ್ಸ್ ಏಡ್.

"ಎಲ್ಲಾ ಒಂದರಲ್ಲೇ" ಎನ್ನುವ ಟ್ಯಾಬ್ಲೆಟ್‌ಗಳಲ್ಲಿ ರಿನ್ಸ್ ಏಡೂ ಸೇರಿರುತ್ತದೆ, ಸುಳ್ಳಲ್ಲ. ನಮ್ಮ ಗಡಸು ನೀರಿಗೆ ಅಷ್ಟು ಸಾಲದೆ ಬರುವುದನ್ನೇ ನಾನು ಹೆಚ್ಚು ನೋಡಿದ್ದು. ರಿನ್ಸ್ ಏಡ್ ಬೇರೆಯಾಗಿ ಹಾಕಿದರೂ ಒದ್ದೆಯಿದ್ದರೆ ಅದರ ಪ್ರಮಾಣವನ್ನು ಒಂದು ಹಂತ ಏರಿಸಿ ನೋಡಿ. ಗಾಜಿನ ಮೇಲೆ ನೀಲಿ ಗೆರೆಯೋ ಟಬ್ಬಿನಲ್ಲಿ ನೊರೆಯೋ ಕಂಡರೆ ಇಳಿಸಿ. ಸೆಟ್ಟಿಂಗ್ ಎಲ್ಲಿದೆಯೆಂಬುದು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ, ಪುಸ್ತಕ ತೆಗೆದು ನೋಡುವುದೇ ಕ್ಷೇಮ. ರಿನ್ಸ್ ಏಡ್ ಬದಲು ವಿನೆಗರ್ ತುಂಬಿಸುವವರಿದ್ದಾರೆ. ರಬ್ಬರ್ ಸೀಲ್ ಹಾಳಾಗಬಹುದು, ಬೇಡ.

ಮುಗಿದ ಮೇಲೆ ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಬಾಗಿಲನ್ನು ಕೊಂಚ ಸರಿಸಿಡಿ. ಬೇಗ ತೆರೆದರೆ ಮೇಲಿನ ಪ್ಲೈವುಡ್ ಹಬೆಗೆ ಉಬ್ಬೀತು. ಬೋರಲು ಹಾಕಿದ ಸ್ಟೀಲ್ ಲೋಟದ ತಳದ ತಗ್ಗಿನಲ್ಲಿ ನಿಂತ ನೀರಿಗೆ ಯಾವ ಮೆಷೀನೂ ಏನೂ ಮಾಡಲಾರದು, ಓರೆಯಾಗಿ ಇಡಿ. ಮೇಲಿನ ರ‍್ಯಾಕ್ ಎಳೆದ ಕೂಡಲೇ ಆ ನೀರೆಲ್ಲ ಕೆಳಗೆ ಒಣಗಿ ಕೂತ ತಟ್ಟೆಗಳ ಮೇಲೆ ಸುರಿಯುತ್ತದೆ, ಅದಕ್ಕೇ ಖಾಲಿ ಮಾಡುವಾಗ ಕೆಳಗಿನ ರ‍್ಯಾಕೇ ಮೊದಲು.