ತೋಡಿಯ ಗಾಂಧಾರ ಎಲ್ಲಿದೆ?

ಪ್ರಾಟ್ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ. ಅದಕ್ಕೆ ಕರ್ನಾಟಕ ಸಂಗೀತದ ತೋಡಿ ರಾಗದ ಆಲಾಪನೆಯ ಒಂದು ತುಣುಕು ಕೊಟ್ಟು ನೋಡಿ. ದನಿ ಏರಿಳಿದಂತೆ ಪರದೆ ಮೇಲೆ ಗೆರೆ ಮೂಡುತ್ತದೆ. ಷಡ್ಜದಲ್ಲಿ (ಸ) ಗೆರೆ ನೆಟ್ಟಗೆ ಮಲಗಿರುತ್ತದೆ. ಗಾಂಧಾರ (ಗ) ಬಂದಿತೋ, ಹೊಲಿಗೆ ಮಿಷಿನ್ನಿನ ಸೂಜಿಯ ಹಾಗೆ ಮೇಲೆ ಕೆಳಗೆ ಆಡಲು ಶುರು. ರಿಷಭದ (ರಿ) ಕಡೆ ಇಳಿಯುತ್ತದೆ, ಮಧ್ಯಮದ (ಮ) ಹತ್ತಿರ ಹೋಗಿ ಬರುತ್ತದೆ, ಆದರೆ ಹಾರ್ಮೋನಿಯಂನಲ್ಲಿ ‘ಸಾಧಾರಣ ಗಾಂಧಾರ’ದ (ತೋಡಿಗೆ ಹೇಳಿದ ಗಾಂಧಾರ ಇದೇ) ಮನೆ ಇದೆಯಲ್ಲ, ಅಲ್ಲಿ ನಿಲ್ಲುವುದೇ ಇಲ್ಲ. ಕಿವಿಗೆ ಮಾತ್ರ ಅದು ಅಪ್ಪಟ ಗಾಂಧಾರ.

ಸ್ವರದ ಜಾಗ ಎಲ್ಲಿ ಅನ್ನುವ ಜಗಳ ಬಹಳ ಹಳೆಯದು. ನಾಟ್ಯಶಾಸ್ತ್ರದಲ್ಲಿ ಭರತ ಎರಡು ವೀಣೆ ಇಟ್ಟುಕೊಂಡು ಒಂದು ಪ್ರಯೋಗ ಹೇಳುತ್ತಾನೆ. ಎರಡನ್ನೂ ಒಂದೇ ಥರ ಹೊಂದಿಸು, ಒಂದನ್ನು ಮುಟ್ಟಬೇಡ, ಇನ್ನೊಂದನ್ನು ಒಂದೊಂದೇ ಶ್ರುತಿ, ಅಂದರೆ ಸ್ವರಕ್ಕಿಂತ ಸಣ್ಣ ಒಂದೊಂದು ಹೆಜ್ಜೆ, ಇಳಿಸುತ್ತಾ ಹೋಗು. ಎರಡನೇ ಸಲ ಇಳಿಸಿದಾಗ ಇಳಿಸಿದ ವೀಣೆಯ ಗಾಂಧಾರ ಮುಟ್ಟದ ವೀಣೆಯ ರಿಷಭಕ್ಕೆ ಕೂಡುತ್ತದೆ, ಮೂರನೇ ಸಲ ರಿಷಭ ಹೋಗಿ ಷಡ್ಜಕ್ಕೆ. ಹೀಗೆ ಲೆಕ್ಕ ಹಾಕಿದರೆ ಸಪ್ತಕಕ್ಕೆ, ಅಂದರೆ ಒಂದು ಷಡ್ಜದಿಂದ ಮೇಲಿನ ಷಡ್ಜದ ತನಕ, 22 ಶ್ರುತಿ. ಆದರೆ ಒಂದು ಶ್ರುತಿ ಎಂದರೆ ಎಷ್ಟು? ಅದಕ್ಕೆ ಅಳತೆ ಕೊಟ್ಟಿಲ್ಲ, ಕಿವಿಯೇ ಪ್ರಮಾಣ. ಮುಂದಿನವರಿಗೆಲ್ಲ ತಲೆನೋವು ತಂದಿದ್ದು ಇದೇ.

ವಿಜಯನಗರದ ಕಾಲಕ್ಕೆ ವೀಣೆಗೆ ಮೆಟ್ಟಿಲು (ತಂತಿ ಒತ್ತಿ ಸ್ವರ ಹಿಡಿಯುವ ಅಡ್ಡಪಟ್ಟಿ) ಬಂದಾಗಿತ್ತು. 1550ರಲ್ಲಿ ರಾಮಾಮಾತ್ಯ ಸ್ವರಮೇಳಕಲಾನಿಧಿ ಬರೆದಾಗ ಮೆಟ್ಟಿಲುಗಳನ್ನು ಎಲ್ಲಿ ಕೂರಿಸಬೇಕು ಅನ್ನುವುದನ್ನೇ ವಿವರಿಸಿದ. 17ನೇ ಶತಮಾನದಲ್ಲಿ ತಂಜಾವೂರಿನ ವೆಂಕಟಮಖಿ ಸಪ್ತಕದ 12 ಸ್ವರದ ಜಾಗಕ್ಕೆ 16 ಹೆಸರು ಹೊಂದಿಸಿ 72 ಮೇಳ (ರಾಗಗಳಿಗೆ ಮೂಲವಾದ ಸ್ವರಗುಂಪು) ಕಟ್ಟಿದ. (ಇವನ ಅಪ್ಪ ಗೋವಿಂದ ದೀಕ್ಷಿತರು ಕನ್ನಡ ಮೂಲದವರು.) ಲೆಕ್ಕ 12ಕ್ಕೆ ಇಳಿದರೂ ಹಳೆ ಹೆಸರು ಉಳಿಯಿತು. ಇವತ್ತಿಗೂ ಮಕ್ಕಳು ಚತುಶ್ರುತಿ ರಿಷಭ ಅನ್ನುತ್ತಾರೆ, ಯಾವ ನಾಲ್ಕು ಶ್ರುತಿ ಅಂತ ಯಾರೂ ಕೇಳುವುದಿಲ್ಲ.

ಇಪ್ಪತ್ತನೇ ಶತಮಾನದ ಶುರುವಿನಲ್ಲಿ 22ರ ಹುಚ್ಚು ಮತ್ತೆ ಹಿಡಿಯಿತು. ಸಾಂಗ್ಲಿಯ ಕೆ.ಬಿ. ದೇವಲ್, ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರ ಹಾಡಿಕೆ ಇಟ್ಟುಕೊಂಡು ಶ್ರುತಿಗಳಿಗೆ ಅಂಕಿ ಕೊಡಲು ಕೂತರು. ನಮ್ಮ ಸವಾಯಿ ಗಂಧರ್ವರ ಗುರು ಇದೇ ಖಾನ್ ಸಾಹೇಬರು. ಇ. ಕ್ಲೆಮೆಂಟ್ಸ್ ಎಂಬ ಬ್ರಿಟಿಷ್ ಅಧಿಕಾರಿ ಜೊತೆಯಾದರು, ಶ್ರುತಿ ಹಾರ್ಮೋನಿಯಂ ಕೂಡ ತಯಾರಾಯಿತು. 1916ರ ಬರೋಡಾ ಸಂಗೀತ ಸಮ್ಮೇಳನದಲ್ಲಿ ಇದರದ್ದೇ ವಾದ. ತಂಜಾವೂರಿನ ಅಬ್ರಹಾಂ ಪಂಡಿತರ್ ಎದ್ದು, 22 ಅಲ್ಲ, 24 ಅಂದರು! ಹಿಂದೂಸ್ತಾನಿ ಸಂಗೀತದ ವಿದ್ವಾಂಸ ಭಾತಖಂಡೆಯವರಿಗೂ ದೇವಲ್ ಲೆಕ್ಕ ಒಪ್ಪಿಗೆಯಾಗಲಿಲ್ಲ.

ನನಗನ್ನಿಸುವುದು, ಎಲ್ಲರೂ ಹುಡುಕಿದ್ದು ಸ್ವರ ಕೂರುವ ಮಣೆಯನ್ನು. ಅದು ಕೂರುತ್ತದೋ ಇಲ್ಲವೋ ಅಂತ ನೋಡಿದವರು ಕಮ್ಮಿ.

ಯಂತ್ರ ಬಂದ ಮೇಲೆ ಉತ್ತರ ಬೇರೆಯೇ ಬಂತು. 1963ರಲ್ಲಿ ಜೈರಾಜ್‌ಭಾಯ್ ಮತ್ತು ಸ್ಟೋನ್ ಎಂಬ ಸಂಶೋಧಕರು ಹಿಂದೂಸ್ತಾನಿ ಧ್ವನಿಮುದ್ರಿಕೆಗಳನ್ನು ಅಳೆದರು. ಒಬ್ಬರ ಸ್ವರ ಇನ್ನೊಬ್ಬರ ಜಾಗದಲ್ಲಿಲ್ಲ, ಶಾಸ್ತ್ರದ ಅಂಕಿಗೂ ಕೂಡಿ ಬರಲಿಲ್ಲ. 2003ರಲ್ಲಿ ಸಂಶೋಧಕ ಅರವಿಂದ್ ಕೃಷ್ಣಸ್ವಾಮಿ ಕರ್ನಾಟಕ ಸಂಗೀತ ಅಳೆದಾಗಲೂ ಸ್ಪಷ್ಟವಾಗಿ ಕಂಡಿದ್ದು 12 ಜಾಗ, 22 ಅಲ್ಲ.

ಅಳೆಯುವುದೂ ಸುಲಭ ಅಲ್ಲ, ಆಯ್ತಾ. ತಂಬೂರಿಯ ತಂತಿ ಕೆಳಗೆ ಸಿಕ್ಕಿಸುವ ಜೀವಾಳದ ದಾರದಿಂದ ಅನುಸ್ವರಗಳು (ಮೂಲ ನಾದದ ಜೊತೆ ಏಳುವ ಮೇಲಿನ ನಾದಗಳು) ಜಾಸ್ತಿ ಏಳುತ್ತವೆ. ಅದನ್ನು ಹಾಡುವ ದನಿ ಅಂದುಕೊಂಡು ಸಾಫ್ಟ್‌ವೇರ್ ಒಮ್ಮೊಮ್ಮೆ ಒಂದು ಸ್ಥಾಯಿ (ಸಪ್ತಕ) ಮೇಲೆ ಹಾರಿಬಿಡುತ್ತದೆ. ಮೃದಂಗ ಸೇರಿದರಂತೂ ಗೆರೆ ಚಿಂದಿ. ಸಂಗೀತವನ್ನು ಕಂಪ್ಯೂಟರಿನಿಂದ ಅಧ್ಯಯನ ಮಾಡಲು 2011ರಲ್ಲಿ ಶುರುವಾದ ಕಾಂಪ್‌ಮ್ಯೂಸಿಕ್ ಯೋಜನೆಯಲ್ಲಿ ಬಾರ್ಸಿಲೋನಾದ ವಿಶ್ವವಿದ್ಯಾಲಯ, ಮದ್ರಾಸ್ ಮತ್ತು ಬಾಂಬೆ ಐಐಟಿಗಳು ಸೇರಿ ಇಂಥ ತೊಂದರೆಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವು.

ಅಲ್ಲಿಂದ ಪ್ರಶ್ನೆಯೂ ಬದಲಾಯಿತು. ಗಾಯಕರು ಯಾವ ಎತ್ತರದಲ್ಲಿ ಎಷ್ಟು ಹೊತ್ತು ಇದ್ದರು ಅಂತ ಗುಡ್ಡೆ ಹಾಕಿ ನೋಡುತ್ತಾರೆ. ಹಿಂದೂಸ್ತಾನಿಯ ಭೂಪ್ ಮತ್ತು ದೇಶಕಾರ್ ರಾಗಗಳೆರಡಕ್ಕೂ ಅದೇ ಐದು ಸ್ವರ. ಆದರೆ ದೇಶಕಾರದಲ್ಲಿ ಧೈವತದ ಗುಡ್ಡೆ ಎತ್ತರ, ಭೂಪದಲ್ಲಿ ಗಾಂಧಾರದ್ದು. ತೋಡಿಯನ್ನು ಹೀಗೆ ನೋಡಿದರೆ ಷಡ್ಜ ಸೂಜಿಮೊನೆಯಂತೆ ನಿಂತಿರುತ್ತದೆ, ಗಾಂಧಾರ ಮಾತ್ರ ರಿಷಭದ ಪಕ್ಕದಿಂದ ಮಧ್ಯಮದ ತನಕ ಅಡ್ಡಡ್ಡ ಹರಡಿಕೊಂಡಿರುತ್ತದೆ.