ತೋಟದೊಳಗೆ ಕೊಟ್ಟಿಗೆ, ಗೋಡೌನ್ ಕಟ್ಟೋಕೆ ಪಂಚಾಯಿತಿ ಲೈಸೆನ್ಸ್ ಬೇಕಾ?

ಓದುಗರ ಪ್ರಶ್ನೆ: ಸೋಮವಾರಪೇಟೆ ತಾಲ್ಲೂಕಿನಲ್ಲಿ ನಮಗೆ ಎರಡು ಎಕರೆ ಕಾಫಿ ತೋಟ ಇದೆ. ಒಂದು ಸಣ್ಣ ಗೋಡೌನ್, ಪಕ್ಕದಲ್ಲೇ ಕೊಟ್ಟಿಗೆ ಕಟ್ಟಬೇಕು. ಕೃಷಿ ಕಟ್ಟಡಕ್ಕೆ ಯಾವ ಪರ್ಮಿಷನ್ನೂ ಬೇಡ ಅಂತಾರೆ ಅಕ್ಕಪಕ್ಕದವರು. ಪಂಚಾಯಿತಿಯಲ್ಲಿ ಕೇಳಿದರೆ ಮೊದಲು ಅಲಿನೇಷನ್ ಮಾಡಿಸಿಕೊಂಡು ಬನ್ನಿ ಅಂದರು. ಯಾರ ಮಾತು ಕೇಳೋದು?

ಉತ್ತರ: ಇಬ್ಬರ ಮಾತಲ್ಲೂ ಅರ್ಧ ಬಿಟ್ಟುಹೋಗಿದೆ. ನಿಮಗೆ ಅಲಿನೇಷನ್ ಬೇಡ. ಪಂಚಾಯಿತಿ ಲೈಸೆನ್ಸ್ ಬೇಕು. ಇವೆರಡೂ ಬೇರೆ ಬೇರೆ. ಇದನ್ನು ಒಂದೇ ಅಂದುಕೊಂಡೇ ನಮ್ಮ ಕೊಡಗು ಜಿಲ್ಲೆಯಲ್ಲಿ ಎಷ್ಟೋ ಜನ ವರ್ಷಗಟ್ಟಲೆ ಅಲೆದಿದ್ದಾರೆ.

ಮೊದಲು ಅಲಿನೇಷನ್, ಅಂದರೆ ಭೂ ಪರಿವರ್ತನೆ: ಕೃಷಿ ಭೂಮಿಯನ್ನು ಬೇರೆ ಬಳಕೆಗೆ ಬದಲಾಯಿಸಿಕೊಳ್ಳುವುದು. ಇದು ಕಂದಾಯ ಇಲಾಖೆಯ ವಿಷಯ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಸೆಕ್ಷನ್ ಪ್ರಕಾರ, ಕೃಷಿ ಭೂಮಿ ಇರುವವರು ಅದೇ ಭೂಮಿಯ ಬೇಸಾಯಕ್ಕೆ ಬೇಕಾದ ಕಟ್ಟಡ, ಬಾವಿ, ಕೆರೆ ಮಾಡಿಕೊಳ್ಳಬಹುದು. ಅದಕ್ಕೆ ಜಿಲ್ಲಾಧಿಕಾರಿಗಳ ಪರಿವರ್ತನೆ ಆದೇಶ ಬೇಕಿಲ್ಲ. ತೋಟದಲ್ಲೇ ವಾಸಕ್ಕೆ ಫಾರ್ಮ್ ಹೌಸ್ ಕಟ್ಟಿದರೆ ಮಾತ್ರ ಒಂದು ಅಳತೆ ಇದೆ: ಹಿಡುವಳಿಯ ಶೇ. 10ಕ್ಕಿಂತ ಜಾಸ್ತಿ ಜಾಗ ಹಿಡಿಯಬಾರದು. ನಿಮ್ಮ ಎರಡು ಎಕರೆಗೆ ಅದು 20 ಸೆಂಟ್ ಆಯಿತು. ಇದರ ಮೇಲೆ ಒಂದು ಗರಿಷ್ಠ ಮಿತಿಯೂ ಇದೆ.

ಆದರೆ ಆ ಸೆಕ್ಷನ್ ಶುರುವಾಗುವುದೇ ಒಂದು ಷರತ್ತಿನಿಂದ. ಕಟ್ಟಡ ಕಟ್ಟುವ ಬಗ್ಗೆ ಜಾರಿಯಲ್ಲಿರುವ ಬೇರೆ ಕಾನೂನಿಗೆ ಒಳಪಟ್ಟು ಈ ಹಕ್ಕು ಎಂದು ಅದು ಹೇಳುತ್ತದೆ. ಅಕ್ಕಪಕ್ಕದವರು ಓದದೇ ಬಿಡುವ ಸಾಲು ಇದೇ. ಹಳ್ಳಿಯಲ್ಲಿ ಆ ಬೇರೆ ಕಾನೂನು ಅಂದರೆ 1993ರ ಪಂಚಾಯತ್ ರಾಜ್ ಕಾಯ್ದೆ. ಅದರ 64ನೇ ಸೆಕ್ಷನ್ ಪ್ರಕಾರ ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಇಲ್ಲದೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಇರುವುದನ್ನು ವಿಸ್ತರಿಸುವಂತೆಯೂ ಇಲ್ಲ. ಶೆಡ್ ಹಾಕಿದರೂ ಅದು ಕಟ್ಟಡವೇ. ನಿಮ್ಮ ತೋಟ ಪಟ್ಟಣದ ಯೋಜನಾ ಪ್ರದೇಶದೊಳಗೆ ಬಂದರೆ ಯೋಜನಾ ಪ್ರಾಧಿಕಾರವನ್ನೂ ಕೇಳಬೇಕು.

"ನಮ್ಮ ಜಾಗ, ನಮ್ಮ ದನ, ಇವರಿಗೇನು?" ಅಂತ ನಮ್ಮಪ್ಪನೂ ಹೇಳುತ್ತಿದ್ದರು. ಒಂದು ಮಳೆಗಾಲದಲ್ಲಿ ನಮ್ಮ ಕೊಟ್ಟಿಗೆಯ ಒಂದು ಗೋಡೆ ಕುಸಿಯಿತು. ಮತ್ತೆ ಕಟ್ಟಲು ಸಾಲ ಕೇಳಿದಾಗ ಬ್ಯಾಂಕಿನವರು ಕೇಳಿದ್ದು ಲೈಸೆನ್ಸ್. ಅಪ್ಪ ನೀಲಿ ಪ್ಲಾಸ್ಟಿಕ್ ಫೈಲಿನಿಂದ ಹತ್ತು ವರ್ಷದ ಕಂದಾಯ ರಸೀದಿಗಳನ್ನು ತೆಗೆದು, ಮಡಿಕೆ ಬಿಡಿಸಿ, ಮೇಜಿನ ಮೇಲೆ ಒಂದೊಂದಾಗಿ ಇಟ್ಟರು. ಆ ಮ್ಯಾನೇಜರ್ ಎಲ್ಲವನ್ನೂ ನೋಡಿ ವಾಪಸ್ ಜೋಡಿಸಿ ಕೊಟ್ಟರು. ಕಂದಾಯ ಕಟ್ಟಿದ ರಸೀದಿ ಲೈಸೆನ್ಸ್ ಆಗುವುದಿಲ್ಲ. ಅಪ್ಪ ಬಸ್ಸಿನಲ್ಲಿ ಊರು ಬರುವವರೆಗೂ ಮಾತಾಡಲಿಲ್ಲ.

ಕೊಡಗಿನಲ್ಲಿ ಲೈಸೆನ್ಸ್ ಬೇಕು ಅನ್ನೋಕೆ ಇನ್ನೂ ದೊಡ್ಡ ಕಾರಣ ಇದೆ. ಇಲ್ಲಿ ಸಮತಟ್ಟು ಜಾಗ ಕಡಿಮೆ. ಗೋಡೌನ್ ಅಂದರೆ ಮೊದಲು ಜೆಸಿಬಿ ಬರುತ್ತದೆ, ಬರೆ (ಗುಡ್ಡದ ಬದಿ) ಕಡಿಯುತ್ತದೆ, ತೆಗೆದ ಮಣ್ಣನ್ನು ಕೆಳಗಿನ ಇಳಿಜಾರಿಗೆ ಸುರಿಯುತ್ತದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮೊಣ್ಣಂಗೇರಿ, ಮಕ್ಕಂದೂರು ಕಡೆ ಗುಡ್ಡ ಕುಸಿದು ಏನಾಯಿತು ಅಂತ ನಿಮಗೆ ಹೇಳಬೇಕಾಗಿಲ್ಲ. ಮಳೆ ವಿಪರೀತ ಬಂದಿತ್ತು, ನಿಜ. ಆದರೆ ಇಳಿಜಾರನ್ನು ಕಡಿದದ್ದೂ ಕಾರಣ ಅಂತ ಪರಿಶೀಲಿಸಿದ ಭೂವಿಜ್ಞಾನಿಗಳು ಹೇಳಿದರು. ನಾಲ್ಕು ಹಸುವಿನ ಕೊಟ್ಟಿಗೆಗೂ ಯಾರಾದರೂ ಬಂದು ಜಾಗ ನೋಡಲಿ, ನೀರು ಎಲ್ಲಿಗೆ ಹೋಗುತ್ತದೆ ಅಂತ ಕೇಳಲಿ ಅನ್ನೋದು ನನ್ನ ಆಸೆ. ಆಳುಗಳು ಮಲಗುವ ಲೈನ್ ಮನೆಗಂತೂ ಇದು ಬೇಕೇ ಬೇಕು.

ಪಂಚಾಯಿತಿಯವರಿಗೂ ಒಂದು ಮಾತು. ಕೊಟ್ಟಿಗೆಗೆ ಅಲಿನೇಷನ್ ಆದೇಶ ತನ್ನಿ, ಫಾರಂ 9 (ಕೃಷಿಯೇತರ ಆಸ್ತಿಗೆ ಪಂಚಾಯಿತಿ ಕೊಡುವ ಖಾತಾ ದಾಖಲೆ) ತನ್ನಿ ಅನ್ನೋದು ತಪ್ಪು. ಪರಿವರ್ತನೆ ಆಗದ ತೋಟಕ್ಕೆ ಇರುವುದು ಆರ್‌ಟಿಸಿ (ಪಹಣಿ), ಫಾರಂ 9 ಎಲ್ಲಿಂದ ಬರಬೇಕು? ರೈತ ಸುಮ್ನೆ ಮಡಿಕೇರಿಗೆ ಹೋಗಿ ಬಂದು ಸುಸ್ತಾಗಿ, ಕೊನೆಗೆ ಹೇಳದೆ ಕೇಳದೆ ಕಟ್ಟಿಬಿಡುತ್ತಾನೆ.

ನೀವು ಆರ್‌ಟಿಸಿ, ಜಾಗದ ಸ್ಕೆಚ್, ಕಟ್ಟಡದ ನಕ್ಷೆ ಇಟ್ಟು ಅರ್ಜಿ ಕೊಡಿ. 95ನೇ ಸೆಕ್ಷನ್ ಪ್ರಕಾರ ಇದು ಕೃಷಿ ಕಟ್ಟಡ ಅಂತ ಅರ್ಜಿಯಲ್ಲೇ ಬರೆಯಿರಿ. ಸ್ವೀಕೃತಿ ತೆಗೆದುಕೊಳ್ಳಿ. ಆಗಲ್ಲ ಅಂದರೆ ಬಾಯಿಮಾತು ಬೇಡ, ಕಾರಣ ಬರೆದು ಕೊಡಿ ಅಂತ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಕೇಳಿ. ಜಮ್ಮಾ (ಕೊಡಗಿನ ವಂಶಪಾರಂಪರ್ಯ ಹಿಡುವಳಿ) ಜಾಗವಾಗಿದ್ದು ಆರ್‌ಟಿಸಿಯಲ್ಲಿ ಒಕ್ಕದ (ಮನೆತನದ) ನಾಲ್ಕೈದು ಹೆಸರಿದ್ದರೆ ಅವರ ಒಪ್ಪಿಗೆ ಪತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ. ನಿಜವಾಗಿ ತಡ ಆಗೋದು ಅಲ್ಲೇ.

ಇನ್ನೊಂದು. ಗೋಡೌನಿನ ಮೇಲೆ ಎರಡು ರೂಮ್ ಹಾಕಿ ಹೋಂಸ್ಟೇ ಮಾಡುವ ಯೋಚನೆ ಇದ್ದರೆ ಮೇಲೆ ಹೇಳಿದ್ದು ನಿಮಗೆ ಅನ್ವಯಿಸುವುದಿಲ್ಲ. ಫಾರ್ಮ್ ಹೌಸನ್ನೂ ವ್ಯಾಪಾರಕ್ಕೆ ಬಾಡಿಗೆಗೆ ಕೊಡುವಂತಿಲ್ಲ ಅಂತ ಅದೇ 95ನೇ ಸೆಕ್ಷನ್ ಹೇಳುತ್ತದೆ. ಆಗ ಅಲಿನೇಷನ್ ಬೇಕು.

ಕೊಯ್ಲು ಮುಗಿದು ಮಾರ್ಚ್‌ನಲ್ಲಿ ಕೆಲಸ ಹಿಡಿದರೆ ಮಳೆಗೆ ಮುಂಚೆ ಶೀಟ್ ಹಾಕಬಹುದು. ಹಾಗಾಗಿ ಅರ್ಜಿಯನ್ನು ಹಣ್ಣು ಕೊಯ್ಯಲು ಶುರು ಮಾಡುವ ಮುಂಚೆಯೇ ಕೊಟ್ಟುಬಿಡಿ.