ಆಫ್ ಆಗಿರುವ ಮೈಕನ್ನೂ ಹಿಡಿಯಬಹುದು

ಬಾಗಿಲು ಹಾಕಿಕೊಂಡು ಆಡಿದ ಮಾತು ಹೊರಗೆ ಸೋರುತ್ತಿದೆ ಅನ್ನೋ ಅನುಮಾನ ಬಂದರೆ ಅನೇಕರು ಮೊದಲು ಮಾಡುವುದು, ಫೋನಿಗೆ ಒಂದು ಆ್ಯಪ್ ಹಾಕಿಕೊಂಡು ಗೋಡೆಗುಂಟ ಹಿಡಿದು ಓಡಾಡುವುದು. ದಯವಿಟ್ಟು ಅದನ್ನು ನಂಬಬೇಡಿ. ಇಂಥ ಬಹಳಷ್ಟು ಆ್ಯಪ್‌ಗಳು ಬಳಸುವುದು ಫೋನಿನ ದಿಕ್ಸೂಚಿಯ ಸೆನ್ಸರನ್ನು. ಅದು ಕಬ್ಬಿಣದ ಮೊಳೆ ಕಂಡರೂ ಕೂಗುತ್ತದೆ, ನಿಜವಾದ ಪುಟ್ಟ ಮೈಕಿನ ಪಕ್ಕ ಸುಮ್ನೆ ಇದ್ದುಬಿಡಬಹುದು.

ಕದ್ದಾಲಿಕೆಯ ಸಾಧನ ಮಾತನ್ನು ರೇಡಿಯೋ ಅಲೆಯಾಗಿ ಕಳಿಸುತ್ತಿದ್ದರೆ ಹಿಡಿಯುವುದು ಅಷ್ಟೇನೂ ಕಷ್ಟವಲ್ಲ. ಕೋಣೆಯಲ್ಲಿ ಯಾವ್ಯಾವ ಫ್ರೀಕ್ವೆನ್ಸಿಯ ಅಲೆಗಳಿವೆ ಅಂತ ಸ್ಪೆಕ್ಟ್ರಮ್ ಅನಲೈಸರ್ ತೋರಿಸುತ್ತದೆ. ಹೊರಗೆ ಕ್ಷೀಣವಾಗಿದ್ದು ಒಳಗೆ ಜೋರಾಗಿರುವ ಅಲೆ ಇದ್ದರೆ ಅದರ ಬೆನ್ನು ಹತ್ತಬೇಕು. ಆದರೆ ಎಲ್ಲ ಸಾಧನಗಳೂ ಸದಾ ಕಳಿಸುತ್ತಿರುವುದಿಲ್ಲ. ಸಿಮ್ ಹಾಕಿದ್ದು ಯಾರಾದರೂ ಕರೆ ಮಾಡುವವರೆಗೆ ಹೆಚ್ಚುಕಡಿಮೆ ಮೌನವಾಗಿರುತ್ತದೆ. ಮೆಮೊರಿ ಕಾರ್ಡಿಗೆ ರೆಕಾರ್ಡ್ ಮಾಡಿಕೊಳ್ಳುವುದಂತೂ ಗಾಳಿಗೆ ಏನನ್ನೂ ಬಿಡುವುದೇ ಇಲ್ಲ.

ಇದಕ್ಕೂ ಒಂದು ಉಪಾಯ ಇದೆ, ನನಗೆ ಈ ಇಡೀ ವಿಷಯದಲ್ಲಿ ಬಹಳ ಇಷ್ಟವಾಗುವುದೇ ಅದು. ಉದ್ದ ಕೋಲು, ತುದಿಯಲ್ಲಿ ಚಪ್ಪಟೆ ಆಂಟೆನಾ, ಹೆಸರು ನಾನ್‌ಲೀನಿಯರ್ ಜಂಕ್ಷನ್ ಡಿಟೆಕ್ಟರ್. ಅದು ಗೋಡೆಯತ್ತ, ಉದಾಹರಣೆಗೆ, 2.4 ಗಿಗಾಹರ್ಟ್ಸ್ ಅಲೆ ಬಿಡುತ್ತದೆ ಅಂದುಕೊಳ್ಳಿ. ಡಯೋಡ್, ಟ್ರಾನ್ಸಿಸ್ಟರ್, ಚಿಪ್ ಇವುಗಳ ಒಳಗಿನ ಜೋಡಣೆ ಕರೆಂಟನ್ನು ಒಂದು ಕಡೆಗೆ ಜಾಸ್ತಿ, ಇನ್ನೊಂದು ಕಡೆಗೆ ಕಡಿಮೆ ಬಿಡುತ್ತದಲ್ವಾ, ಹಾಗಾಗಿ ಬಿದ್ದ ಅಲೆಯ ಆಕಾರ ಕೆಟ್ಟು, ಅದರ ಎರಡರಷ್ಟು ಮತ್ತು ಮೂರರಷ್ಟು, ಅಂದರೆ 4.8 ಮತ್ತು 7.2 ಗಿಗಾಹರ್ಟ್ಸ್‌ನ ಮೆಲು ದನಿ ವಾಪಸ್ ಬರುತ್ತದೆ. ಬ್ಯಾಟರಿ ಸತ್ತಿದ್ದರೂ ಬರುತ್ತದೆ! ತೊಂದರೆ ಕೊಡುವುದು ತುಕ್ಕು. ಎರಡು ಲೋಹಗಳು ತಾಗಿ ತುಕ್ಕು ಹಿಡಿದ ಜಾಗವೂ ಡಯೋಡಿನಂತೆಯೇ ವರ್ತಿಸುತ್ತದೆ. ಆದರೆ ಚಿಪ್ಪಿನಿಂದ ಸಾಮಾನ್ಯವಾಗಿ ಎರಡರಷ್ಟಿನ ದನಿ ಜೋರು, ತುಕ್ಕಿನಿಂದ ಮೂರರಷ್ಟಿನದು ಜೋರು. ಇನ್ನೂ ಸಂದೇಹ ಇದ್ದರೆ ರಬ್ಬರ್ ಸುತ್ತಿಗೆಯಲ್ಲಿ ಗೋಡೆಯನ್ನು ಮೆಲ್ಲಗೆ ತಟ್ಟುತ್ತಾರೆ. ತುಕ್ಕಿನ ಜೋಡಣೆ ಸಡಿಲ, ಹೆಡ್‌ಫೋನಿನಲ್ಲಿ ಚರಚರ ಅನ್ನುತ್ತದೆ. ಚಿಪ್ಪಿನ ದನಿ ಅಲುಗುವುದಿಲ್ಲ.

ಈ ಕೋಲಿಗೂ ಸಿಗದ ಸಾಧನಗಳಿವೆ. 1945ರಲ್ಲಿ ಸೋವಿಯತ್ ಶಾಲಾ ಮಕ್ಕಳು ಮಾಸ್ಕೋದಲ್ಲಿದ್ದ ಅಮೆರಿಕದ ರಾಯಭಾರಿ ಅವೆರೆಲ್ ಹ್ಯಾರಿಮನ್ ಅವರಿಗೆ ಅಮೆರಿಕದ ಲಾಂಛನ ಕೆತ್ತಿದ ಮರದ ಫಲಕವನ್ನು ಉಡುಗೊರೆ ಕೊಟ್ಟರು. ಅದರೊಳಗೆ ರಷ್ಯಾದ ಸಂಶೋಧಕ ಲಿಯೋನ್ ಥೆರೆಮಿನ್ ರೂಪಿಸಿದ ಕದ್ದಾಲಿಕೆಯ ಸಾಧನವಿತ್ತು. ಬ್ಯಾಟರಿ ಇಲ್ಲ, ಚಿಪ್ ಇಲ್ಲ, ಒಂದು ಲೋಹದ ಡಬ್ಬಿ, ತೆಳು ಪೊರೆ, ಒಂದು ಆಂಟೆನಾ, ಅಷ್ಟೇ. ಹೊರಗಿನಿಂದ ರೇಡಿಯೋ ಅಲೆ ಬಿಟ್ಟಾಗ ಮಾತಿಗೆ ಪೊರೆ ಕಂಪಿಸಿ, ವಾಪಸ್ ಹೋಗುವ ಅಲೆಯಲ್ಲಿ ಆ ಮಾತು ಸೇರಿಕೊಳ್ಳುತ್ತಿತ್ತು. ಅಲೆ ನಿಲ್ಲಿಸಿದರೆ ಅದು ಬರೀ ಮರ, ಬರೀ ಲೋಹ. ಸಿಕ್ಕಿದ್ದು 1952ರಲ್ಲಿ.

ಇನ್ನೊಂದು ದೊಡ್ಡ ಕಷ್ಟ, ಚಿಪ್ ಇರಲೇಬೇಕಾದ ವಸ್ತುವಿನೊಳಗೆ ಇನ್ನೊಂದು ಚಿಪ್ ಬಚ್ಚಿಡುವುದು. ರೌಟರ್, ಚಾರ್ಜರ್, ಯುಎಸ್‌ಬಿ ಇರುವ ಎಕ್ಸ್‌ಟೆನ್ಷನ್ ಬೋರ್ಡ್. ಕೋಲು ಅಲ್ಲಿ ಹೇಗೂ ಕೂಗುತ್ತದೆ, ಅದರಿಂದ ಏನೂ ಗೊತ್ತಾಗುವುದಿಲ್ಲ. 1984ರಲ್ಲಿ ಅಮೆರಿಕನ್ನರು ಸೋವಿಯತ್ ನೆಲದ ತಮ್ಮ ಕಚೇರಿಗಳ ಟೈಪ್‌ರೈಟರ್‌ಗಳನ್ನು ಎಕ್ಸ್‌ರೇ ಮಾಡಿ ನೋಡತೊಡಗಿದರು. ಒಟ್ಟು 16 ಐಬಿಎಂ ಯಂತ್ರಗಳ ಲೋಹದ ಪಟ್ಟಿಯೊಳಗೆ, ಯಾವ ಅಕ್ಷರ ಒತ್ತಿದರು ಅಂತ ಕಳಿಸುವ ಸರ್ಕ್ಯೂಟ್ ಸಿಕ್ಕಿತು.

ಅದಕ್ಕೇ ನಾನು ಹೇಳುವುದು, ಯಂತ್ರ ಕೊಳ್ಳುವ ಮೊದಲು ಕೋಣೆಯನ್ನು ತಿಳಿದುಕೊಳ್ಳಿ. ಯಾವ ಅನುಮಾನವೂ ಇಲ್ಲದ ದಿನವೇ ಪ್ರತಿ ಸ್ವಿಚ್‌ಬೋರ್ಡು, ಮೇಜಿನ ಅಡಿ, ಸೀಲಿಂಗಿನ ಹಲಗೆ, ಎಲ್ಲದರ ಫೋಟೋ ತೆಗೆದಿಡಿ. ಎಷ್ಟು ಪ್ಲಗ್ಗುಗಳಿವೆ, ಯಾವುದು ಯಾರದು ಬರೆದಿಡಿ. ಆಗ ಮಾತ್ರ ಸ್ಕ್ರೂ ತಲೆಯ ಮೇಲಿನ ಹೊಸ ಗೀರು, ಕಾರ್ಪೆಟ್ಟಿನ ಅಂಚಿನಲ್ಲಿ ಬಿದ್ದ ಚಿಟಿಕೆ ಬಿಳಿ ಪುಡಿ, ಯಾರೂ ತರದ ಒಂದು ಅಡಾಪ್ಟರ್ ಕಣ್ಣಿಗೆ ಬೀಳುತ್ತವೆ.

ಏನಾದರೂ ಸಿಕ್ಕರೆ "ಸಿಕ್ತು!" ಅಂತ ಕೂಗಬೇಡಿ, ಕಿತ್ತು ತೆಗೆಯಲೂ ಬೇಡಿ. ಅದು ಆಗಲೂ ಕೇಳಿಸಿಕೊಳ್ಳುತ್ತಿರಬಹುದು, ಮೇಲೆ ಬೆರಳಚ್ಚೂ ಇರಬಹುದು. ಬೇರೆ ಏನೋ ಮಾತಾಡುತ್ತಾ ಹೊರಗೆ ಬನ್ನಿ, ಬಾಗಿಲಿಗೆ ಬೀಗ ಹಾಕಿ, ದೂರ ಹೋಗಿ ಪೊಲೀಸರಿಗೆ ಫೋನ್ ಮಾಡಿ.